ಬೋಣಿ

ಬೆಳಗ್ಗೆ ಅಂಗಡಿಯ ಬಾಗಿಲನ್ನು ತೆರೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ವರ್ತಕನು ಅನಂತರ ಕಾಯುವುದು ಬೋಣಿಗಾಗಿ. ಆ ದಿನದ ಮೊದಲ ವ್ಯಾಪಾರಕ್ಕೆ ಈ ಹೆಸರು. ಅದು ಹತ್ತು ರೂಪಾಯಿಯದಾಗಲಿ ಸಾವಿರ ರೂಪಾಯಿಯದಾಗಲಿ, ಬಂದ ಹಣವನ್ನು ಆತನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುವನು. ಬೋಣಿಯ ಹೊತ್ತಿನಲ್ಲಿ ಸಾಲ ಕೇಳುವುದು ಮರ್ಯಾದೆಯಲ್ಲ. ಚೌಕಾಸಿಯನ್ನು ಬಹಳವಾಗಿ ಎಳೆಯುವುದೂ ಸರಿಯಲ್ಲ. ಕೆಲವರ ಕೈಗುಣ ಒಳ್ಳೆಯದೆಂದೂ, ಅವರು ಮೊದಲು ಬಂದ ದಿನ ವ್ಯಾಪಾರ ಚೆನ್ನಾಗಿ ಕುದುರುವುದೆಂದೂ ನಂಬುವವರು ಈಗಲೂ ಉಂಟು. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಯಾರೂ ಬಾರದ ಅಂಗಡಿಯಲ್ಲಿ ಒಂದು ಮಧ್ಯಾಹ್ನವನ್ನು ಕಳೆದವನು ನಗಲಾರನು.

ದಿನದ ಬೋಣಿ ದಿನವೂ ಆಗತಕ್ಕದ್ದು. ಇಂದು ತಡವಾದರೆ ನಾಳೆ ಬೇಗನೆ ಆದೀತು. ಒಂದು ಕಸಬಿನ ಬೋಣಿಯಾದರೋ ಆಯುಷ್ಯದಲ್ಲಿ ಒಂದೇ ಸಲ. ಅಕ್ಕಿಯ ಅಂಗಡಿಯನ್ನು ತೆರೆದವನಿಗೆ ಆ ಚಿಂತೆ ಅಷ್ಟಾಗಿ ಇಲ್ಲ; ಹಸಿವು ಅಂಗಡಿಗಿಂತ ಮೊದಲೇ ಹುಟ್ಟಿರುತ್ತದೆ. ಸೈಕಲ್ ರಿಪೇರಿಯವನಿಗೂ ಇಲ್ಲ. ರಸ್ತೆಯ ಮುಳ್ಳುಗಳು ಆತನ ಪರವಾಗಿ ಕೆಲಸ ಮಾಡುತ್ತಿರುತ್ತವೆ. ಆದರೆ ಇಂತಹದೊಂದು ಕೆಲಸವುಂಟು, ಅದು ತಮಗೆ ಬೇಕಾಗಿದೆ ಎಂಬುದೇ ಜನರಿಗೆ ತಿಳಿಯದಂತಹ ಕಸಬನ್ನು ಹಿಡಿದವನ ಪಾಡೇನು?

ಪಾಂಡವಪುರದ ಬಸ್ಸು ನಿಲ್ದಾಣಕ್ಕೆ ಸಮೀಪದಲ್ಲಿ, ಹತ್ತಡಿ ಅಗಲದ ಒಂದು ಮಳಿಗೆಯಲ್ಲಿ, ವಿಜಯದಶಮಿಯ ದಿನ ಅಂತಹ ಕಸಬನ್ನು ಆರಂಭಿಸಿದ ತರುಣನೊಬ್ಬನಿದ್ದನು. ಮೈಸೂರಿನಲ್ಲಿ ಚಿತ್ರಕಲೆಯನ್ನು ಕಲಿತು, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದಿದ್ದ ಆತನ ಕೈಕೆಲಸ ವಿನ್ಯಾಸ. ಅಂಗಡಿಯ ಹೆಸರಿಗೆ ಒಪ್ಪುವ ಅಕ್ಷರ, ಪೆಟ್ಟಿಗೆಯ ಮೇಲಿನ ಚೀಟಿ, ಫಲಕ, ರಸೀದಿ ಪುಸ್ತಕ, ಲಾಂಛನ, ಇವುಗಳನ್ನು ನೋಡಿದವನಿಗೆ ಒಮ್ಮೆಗೇ ತಿಳಿಯುವಂತೆಯೂ ಮರೆಯದಂತೆಯೂ ರಚಿಸಿಕೊಡುವುದು ಆತನ ಉದ್ಯೋಗ. ಊರಿನವರು ಅದನ್ನು ಡಿಸೈನು ಎಂದು ಕರೆದರು. ಕರೆದರೇ ಹೊರತು ಕೊಳ್ಳಲಿಲ್ಲ.

ಆತನು ಬೆಂಗಳೂರನ್ನು ಬಿಟ್ಟುಬಂದುದು ಹಟದಿಂದಲ್ಲ. ತಾಯಿಯ ದೃಷ್ಟಿ ಮಂದವಾಗತೊಡಗಿದ್ದಿತು. ಮನೆಗೆ ಆತನೊಬ್ಬನೇ ಮಗ. ತಂದೆ ಕಬ್ಬಿನ ಹಣದಲ್ಲಿ ಅರುವತ್ತು ಸಾವಿರ ರೂಪಾಯಿಗಳನ್ನು ತೆಗೆದುಕೊಟ್ಟು, “ಯುಗಾದಿವರೆಗೂ ನೋಡಪ್ಪ. ಅಷ್ಟರೊಳಗೆ ಮಳಿಗೆ ಬಾಡಿಗೆಯಾದರೂ ಹುಟ್ಟದೆ ಹೋದರೆ ಬೆಂಗಳೂರಿಗೇ ಹೋಗಿಬಿಡು. ಅಮ್ಮನ್ನ ನಾನು ನೋಡ್ಕೋತೀನಿ” ಎಂದು ಹೇಳಿದ್ದರು. ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರ. ವಿಜಯದಶಮಿಯಿಂದ ಯುಗಾದಿಗೆ ಸರಿಸುಮಾರು ಆರು ತಿಂಗಳು. ಲೆಕ್ಕ ಸರಳವಾಗಿಯೇ ಇದ್ದಿತು.

ಹೆಸರುಗಳ ವಿಷಯದಲ್ಲಿ ಪಾಂಡವಪುರ ಅನುಭವವಿಲ್ಲದ ಊರಲ್ಲ. ಹಿಂದೆ ಅದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ರೈಲು ನಿಲ್ದಾಣದ ಫಲಕವೂ ಬಹುಕಾಲ ಅದನ್ನೇ ಸಾರಿತು. ಮೂರು ಹೆಸರುಗಳನ್ನು ಕಂಡ ಊರಿನಲ್ಲಿ ಹೆಸರು ಬರೆಯುವವನಿಗೆ ಕೆಲಸ ಸಿಕ್ಕದಿರಲಾರದು ಎಂದು ತರುಣನು ಎಣಿಸಿದನು. ಇದಕ್ಕೆ ಇನ್ನೊಂದು ಆಧಾರವೂ ಇದ್ದಿತು. ೨೦೨೪ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಂಗಡಿಗಳ ಫಲಕಗಳಲ್ಲಿ ನೂರಕ್ಕೆ ಅರುವತ್ತು ಪಾಲು ಕನ್ನಡವಿರಬೇಕೆಂದು ವಿಧಿಯಾಗಿದ್ದಿತು. ಇಂಗ್ಲಿಷು ಅಕ್ಷರಗಳ ಫಲಕಗಳೆಲ್ಲವೂ ಬದಲಾಗಬೇಕು. ಬದಲಿಸುವವರೆಲ್ಲರೂ ತನ್ನ ಬಾಗಿಲಿಗೆ ಬಂದಾರು. ಆತನು ಸಾವಿರ ಕರಪತ್ರಗಳನ್ನು ಅಚ್ಚುಮಾಡಿಸಿ ಬಸ್ಸು ನಿಲ್ದಾಣದಲ್ಲಿ ಹಂಚಿದನು. ನಾಲ್ಕನೆಯ ದಿನ ನಿಲ್ದಾಣದ ಎದುರಿನಲ್ಲಿ ಹುರಿದ ಕಡಲೆಕಾಯಿಯನ್ನು ಕೊಂಡಾಗ ಪೊಟ್ಟಣದ ಮೇಲೆ ತನ್ನದೇ ಹೆಸರನ್ನು ಕಂಡನು. ಕಾಗದ ಒಳ್ಳೆಯದಾಗಿದ್ದುದರಿಂದ ಪೊಟ್ಟಣ ಗಟ್ಟಿಯಾಗಿದ್ದಿತು.

ಕರಪತ್ರವನ್ನು ನೋಡಿ ಬಂದವರು ಯಾರೂ ಇಲ್ಲ. ನೋಡದೆಯೇ ಬಂದವರು ನೆಂಟರು. ಕಾರ್ತಿಕ ಕಳೆದು ಮದುವೆಯ ಮಾತುಗಳು ಮೊದಲಾದೊಡನೆ ಸೋದರಮಾವನ ಮಗಳಿಗೆ ಒಂದು, ಚಿಕ್ಕಮ್ಮನ ಭಾವನ ಮಗನಿಗೆ ಒಂದು, ಹೀಗೆ ಲಗ್ನಪತ್ರಿಕೆಗಳ ಸಾಲು ನಿಂತಿತು. “ಮನೆ ಹುಡುಗ, ದುಡ್ಡು ಕೇಳ್ತಾನೆಯೆ?” ಎಂದು ಅವರು ತಮ್ಮತಮ್ಮೊಳಗೇ ಪ್ರಶ್ನಿಸಿ, “ಇಲ್ಲ” ಎಂದು ತಾವೇ ಉತ್ತರವನ್ನೂ ಹೇಳಿಕೊಂಡರು. ಆತನಿಗೂ ಒಂದು ಸಮಾಧಾನವಿದ್ದಿತು: ಸಾವಿರಾರು ಮನೆಗಳಿಗೆ ಹೋಗುವ ಪತ್ರಿಕೆ, ತನ್ನ ಕೈಕೆಲಸವನ್ನು ನಾಲ್ಕು ಜನ ನೋಡಿಯಾರು. ನೋಡಿದರು, ಹೊಗಳಿದರು, ತಮ್ಮ ಮನೆಯ ಮದುವೆಗೂ ಮಾಡಿಕೊಡಬೇಕೆಂದು ಕೇಳಿದರು. ಆದರೆ ಪುಕ್ಕಟೆಯಾಗಿ ಪಡೆದವರು ಕಳಿಸಿಕೊಟ್ಟವರೆಲ್ಲರೂ ಪುಕ್ಕಟೆಯಾಗಿಯೇ ಕೇಳಲು ಬಂದವರು. ಕೆಲಸದ ಜೊತೆಗೆ ಅದರ ಬೆಲೆಯೂ ಬಾಯಿಂದ ಬಾಯಿಗೆ ಹರಡುವುದೆಂಬುದನ್ನು ಆತನು ಆಗ ಕಲಿತನು.

ಪುಷ್ಯಮಾಸ ಬರುವವರೆಗೆ ಬೋಣಿ ಆಗಲಿಲ್ಲ. ಕಾದು ಕುಳಿತರೆ ಆಗುವುದಿಲ್ಲವೆಂದು ತರುಣನು ಸುತ್ತಣ ಊರುಗಳಿಗೆ ಹೊರಟನು. ಮೊದಲು ಹೋದುದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ಯಾತ್ರಿಕರೂ ನೋಡಬಂದವರೂ ವರ್ಷವೆಲ್ಲ ಇರುವರು. ಊಟದ ಹೋಟೆಲುಗಳೂ ವಸತಿಗೃಹಗಳೂ ಹೆದ್ದಾರಿಯುದ್ದಕ್ಕೂ ಇವೆ. ಒಂದು ಹೋಟೆಲಿನ ಯಜಮಾನರು ಆತನನ್ನು ಕೂರಿಸಿ, ಕಾಫಿ ಕೊಟ್ಟು, ಮಾತನ್ನೆಲ್ಲ ಕೇಳಿದರು. ಕೊನೆಗೆ, “ಫ್ಲೆಕ್ಸಿನವನು ಚದರಡಿಗೆ ಇಷ್ಟು ಅಂತ ಹೇಳ್ತಾನೆ. ನೀವು ಹೇಳೋ ಲೋಗೋ ಎಷ್ಟಡಿ ಬರುತ್ತೆ?” ಎಂದು ಕೇಳಿದರು. ಫ್ಲೆಕ್ಸ್ ಫಲಕಗಳನ್ನು ಸರ್ಕಾರ ೨೦೧೬ರಲ್ಲಿಯೇ ನಿಷೇಧಿಸಿದೆಯೆಂದು ಆತನು ಹೇಳಬಹುದಾಗಿದ್ದಿತು. ಅದರಿಂದ ಪ್ರಯೋಜನವಿರಲಿಲ್ಲ. ಯಜಮಾನರ ಪ್ರಶ್ನೆ ಹಾಸ್ಯವೂ ಅಲ್ಲ, ಅವಮಾನವೂ ಅಲ್ಲ. ಕಣ್ಣಿಗೆ ಕಾಣುವ ವಸ್ತುವನ್ನು ಅಳೆದು ಕೊಳ್ಳುವವರು ಅಳತೆಗೋಲನ್ನು ಕೇಳಿದರು. ಆತನ ಬಳಿ ಕೊಡಲು ಅಳತೆಗೋಲಿರಲಿಲ್ಲ.

ಹಿಂದಿರುಗುವ ಮೊದಲು ಆತನು ದರಿಯಾ ದೌಲತ್ತಿಗೆ ಹೋದನು. ೧೭೮೪ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಗೆಯ ಅರಮನೆಯ ಗೋಡೆಗಳಲ್ಲಿ ೧೭೮೦ರ ಪೊಳ್ಳಿಲೂರಿನ ಯುದ್ಧ ಚಿತ್ರಿತವಾಗಿದೆ. ಆನೆ, ಕುದುರೆ, ಮೀಸೆ, ಮುಂಡಾಸು, ಗುಂಡಿನ ಹೊಗೆ, ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಒಂದಕ್ಕೇ: ಅದನ್ನು ಬರೆದ ಚಿತ್ರಕಾರರು ಯಾರೆಂಬುದು ನೋಡುವವರಿಗೆ ತಿಳಿಯುವುದಿಲ್ಲ. ದೊರೆಯೇ ಗಿರಾಕಿಯಾಗಿದ್ದಾಗ ಗಿರಾಕಿಗಳನ್ನು ಹುಡುಕುವ ಕೆಲಸವಿಲ್ಲ. ಹೆಸರನ್ನು ಬರೆಯಬೇಕೆಂಬ ಗರಜೂ ಇಲ್ಲ. ಆದರೆ ದೊರೆ ಬಿದ್ದರೆ? ೧೫೬೫ರಲ್ಲಿ ವಿಜಯನಗರ ಹಾಳಾದ ಮೇಲೆ ಅಲ್ಲಿಯ ಚಿತ್ರಕಾರರ ಮನೆತನಗಳು ಚದರಿ ಹೋದುವೆಂದೂ, ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಬಳಿಕ ಕೆಲವರು ಇಲ್ಲಿ ಆಶ್ರಯ ಪಡೆದರೆಂದೂ, ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ ಚಿತ್ರಕಲೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜರ ಪೋಷಣೆಯಿಂದ ಚಿಗುರಿತೆಂದೂ ಕಲೆಯ ಚರಿತ್ರೆಯಲ್ಲಿ ಹೇಳುವುದುಂಟು. ಚರಿತ್ರೆಯಲ್ಲಿ ಇದೊಂದು ವಾಕ್ಯ. ಬಣ್ಣದ ಬಟ್ಟಲುಗಳನ್ನು ಗಂಟುಕಟ್ಟಿಕೊಂಡು ಹೊಸ ಊರಿನ ಬಾಗಿಲಲ್ಲಿ ನಿಂತವನಿಗೆ ಅದು ಮತ್ತೊಮ್ಮೆ ಬೋಣಿ. ಹಳೆಯ ಊರಿನಲ್ಲಿ ಆತನು ಎಂತಹ ಚಿತ್ರಗಳನ್ನು ಬರೆದಿದ್ದನೆಂಬುದಕ್ಕೆ ಆ ಊರಿನ ಗೋಡೆಗಳೇ ಸಾಕ್ಷಿ. ಗೋಡೆಗಳು ಜೊತೆಯಲ್ಲಿ ಬಾರವು.

ಹಣವಂತರಿಗೂ ಈ ಕಷ್ಟ ತಪ್ಪಿದ್ದಲ್ಲ. ಇಂಗ್ಲೆಂಡಿನ ವಿಲಿಯಂ ಮಾರಿಸ್ ಎಂಬಾತನು ೧೮೬೧ರಲ್ಲಿ ಗೆಳೆಯರೊಡನೆ ಸೇರಿ ಅಲಂಕರಣದ ಕೆಲಸಗಳಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದಾಗ ಆತನಿಗೆ ಇಪ್ಪತ್ತೇಳು ವರ್ಷ. ತಂದೆಯಿಂದ ಬಂದ ಆಸ್ತಿಯ ವರಮಾನವೂ ಇದ್ದಿತು. ಆದರೂ ಮೊದಲ ದೊಡ್ಡ ಕೆಲಸಗಳು ಜಾಹೀರಾತನ್ನು ಓದಿದ ಅಪರಿಚಿತರಿಂದ ಬರಲಿಲ್ಲ. ಚರ್ಚುಗಳನ್ನು ಕಟ್ಟಿಸುತ್ತಿದ್ದ, ಪರಿಚಿತನಾದ ವಾಸ್ತುಶಿಲ್ಪಿ ಬಾಡ್ಲಿ ಎಂಬಾತನು ಕಿಟಕಿಗಳ ಬಣ್ಣದ ಗಾಜಿನ ಕೆಲಸವನ್ನು ಅವರಿಗೆ ವಹಿಸಿದನು. ಮುಂದೆ ಪ್ರಪಂಚವೆಲ್ಲ ಕೊಂಡಾಡಿದ ಗೋಡೆಕಾಗದಗಳೂ ಬಟ್ಟೆಗಳೂ ಆ ಕಿಟಕಿಗಳ ಹಿಂದೆ ಬಂದುವು. ಕೆಲಸ ನಡೆಯುತ್ತಿರುವ ಸ್ಥಳದಲ್ಲಿ, ಆ ಕೆಲಸದ ಒಂದು ಭಾಗಕ್ಕೆ ಕೈ ಬೇಕಾದವನೇ ಮೊದಲ ಗಿರಾಕಿ ಎಂಬುದು ಇದರಿಂದ ತೋರುತ್ತದೆ.

ನಾಗಮಂಗಲಕ್ಕೆ ತರುಣನು ಹೋದುದು ಕೆಲಸವನ್ನು ಕೇಳುವುದಕ್ಕಾಗಿ. ಪಡೆದು ಬಂದುದು ಬುದ್ಧಿಯನ್ನು. ಸೌಮ್ಯಕೇಶವನ ಆ ಊರು ಲೋಹದ ವಿಗ್ರಹಗಳ ಎರಕಕ್ಕೆ ಹೆಸರಾದುದು. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದಕ್ಕೆ ಮಣ್ಣನ್ನು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಕರಗಿಸಿ ಹೊರಹಾಕಿ, ಆ ಬರಿದಾದ ಜಾಗದಲ್ಲಿ ಕಾದ ಲೋಹವನ್ನು ಹೊಯ್ಯುವರು. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಬೇಕು. ಆದುದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಎರಕದ ಮನೆಯ ಹಿರಿಯರೊಬ್ಬರು ತರುಣನ ಲಗ್ನಪತ್ರಿಕೆಗಳನ್ನು ಒಂದೊಂದಾಗಿ ನೋಡಿ, “ಚೆನ್ನಾಗವೆ. ಎಷ್ಟು ಇಸ್ಕೊಂಡೆ?” ಎಂದರು. ಆತನು ಸುಮ್ಮನಿದ್ದನು.

“ಮುಂಗಡ?”

“ನೆಂಟರು, ತಾತ.”

“ನನ್ನ ಹತ್ರ ದೇವರನ್ನೇ ಮಾಡಿಸ್ಕೊಳಾಕೆ ಬರ್ತಾರೆ ಕಣಪ್ಪ. ದೇವರ ಕೆಲಸ ಅಂತ ನಾನು ಮುಂಗಡ ಬಿಟ್ಟರೆ ತಾಮ್ರ ಯಾರು ಕೊಡ್ತಾರೆ? ಮುಂಗಡ ಕೊಟ್ಟೋನು ನಾಲ್ಕು ಸಲ ಬಂದು ನೋಡ್ತಾನೆ. ಕೊಡದೆ ಹೋದೋನಿಗೆ ಕೆಲಸ ಆಗೋದೂ ಬೇಕಾಗಿಲ್ಲ, ಆಗದೆ ಇರೋದೂ ಬೇಕಾಗಿಲ್ಲ.”

ಲೋಹವನ್ನು ಕೊಳ್ಳಬೇಕಾದವನಿಗೆ ಮುಂಗಡ ಕೇಳುವುದರಲ್ಲಿ ಸಂಕೋಚವಿಲ್ಲ. ಬರಿಯ ಹೊತ್ತನ್ನೂ ಬುದ್ಧಿಯನ್ನೂ ಕರಗಿಸಿ ಹೊಯ್ಯುವವನು ಮಾತ್ರ ತನ್ನ ಪದಾರ್ಥಕ್ಕೆ ಖರ್ಚಿಲ್ಲವೆಂದು ತಾನೇ ನಂಬುತ್ತಾನೆ; ಆತನೇ ನಂಬಿದಮೇಲೆ ಇತರರು ನಂಬದಿರುತ್ತಾರೆಯೆ? ಹಿರಿಯರ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಮುಂಗಡವೆಂಬುದು ಕೆಲಸಗಾರನ ಅಪನಂಬಿಕೆಯ ಗುರುತಲ್ಲ. ಗಿರಾಕಿಗೆ ಆ ಕೆಲಸ ನಿಜವಾಗಿ ಬೇಕಾಗಿದೆಯೆಂಬುದರ ಗುರುತು.

ಕೃಷ್ಣರಾಜಪೇಟೆಗೆ ಹೋದುದು ಇನ್ನೊಂದು ಲಗ್ನಪತ್ರಿಕೆಯ ಕಟ್ಟನ್ನು ಮುಟ್ಟಿಸುವುದಕ್ಕಾಗಿ. ಅದನ್ನು ಕಿಕ್ಕೇರಿಯಲ್ಲಿ ಕೊಟ್ಟು, ಹೊತ್ತು ಉಳಿದುದರಿಂದ ಅಲ್ಲಿಯ ಬ್ರಹ್ಮೇಶ್ವರನ ಗುಡಿಯನ್ನೂ, ಮರುದಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನೂ ನೋಡಿ ಬಂದನು. ಕಿಕ್ಕೇರಿಯ ಗುಡಿಯನ್ನು ೧೧೭೧ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿಯೆಂಬ ಹೆಂಗಸು. ಅಷ್ಟು ಹಿಂದೆಯೇ ಈ ಸೀಮೆಯಲ್ಲಿ ಕೆಲಸವನ್ನು ಮಾಡಿಸುವ, ಹಣವನ್ನು ಕೊಡುವ, ಹೆಸರನ್ನು ಕೆತ್ತಿಸುವ ಹೆಂಗಸರಿದ್ದರು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿರುವ ಗೋವಿಂದನಹಳ್ಳಿಯ ಗುಡಿ ಹದಿಮೂರನೆಯ ಶತಮಾನದ್ದು. ಅಲ್ಲಿ ಕೆಲಸಮಾಡಿದವರಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬನೆಂದು ಹೇಳುವರು.

ಈ ಮಲ್ಲಿತಮ್ಮನ ವೃತ್ತಾಂತವನ್ನು ಹೊಸದಾಗಿ ಕಸಬನ್ನು ಹಿಡಿದವರು ತಿಳಿದಿರುವುದು ಒಳ್ಳೆಯದು. ೧೧೯೬ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಆತನು ಮಂಟಪದ ಒಳಮಾಳಿಗೆಯ ಕೆತ್ತನೆಯಿಂದ ಕಸಬನ್ನು ಮೊದಲುಮಾಡಿದನೆಂದು ಪ್ರತೀತಿ. ಒಳಮಾಳಿಗೆಯೆಂದರೆ ತಲೆಯೆತ್ತಿ ನೋಡಿದವನಿಗೆ ಮಾತ್ರ ಕಾಣುವ ಭಾಗ. ಹೊಸಬನಿಗೆ ಕೊಡತಕ್ಕ ಕೆಲಸ. ಅರ್ಧ ಶತಮಾನ ಕಳೆದ ಮೇಲೆ ೧೨೪೬ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಬೈಚೋಜನೊಡನೆ ಆತನ ಹೆಸರು ಕಾಣುತ್ತದೆ. ೧೨೬೮ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ವಿಗ್ರಹಗಳ ಕೆಳಗೆ ಮತ್ತೆಮತ್ತೆ ಅದೇ ಹೆಸರು. ಇವೆಲ್ಲವೂ ಒಬ್ಬನದೇ ಆಗಿದ್ದ ಪಕ್ಷದಲ್ಲಿ ಅದು ಎಪ್ಪತ್ತು ವರ್ಷಗಳನ್ನು ಮೀರಿದ ದುಡಿಮೆ. ಹೊಯ್ಸಳರ ಶಿಲ್ಪಿಗಳು ಹೆಸರನ್ನು ಬರೆದುದನ್ನು ಕಂಡು ಅದು ಕೀರ್ತಿಯ ಆಸೆಯೆಂದು ಕೆಲವರು ಭಾವಿಸುವುದುಂಟು. ಇದ್ದರೂ ಇರಬಹುದು. ಆದರೆ ಕಸಬುದಾರನ ಕಣ್ಣಿಗೆ ಅದರಲ್ಲಿ ಇನ್ನೊಂದು ಅರ್ಥ ತೋರುತ್ತದೆ. ಒಂದು ಊರಿನ ಗುಡಿಯನ್ನು ನೋಡಿದ ದಂಡನಾಯಕನು ತನ್ನ ಊರಿನಲ್ಲಿ ಗುಡಿಯನ್ನು ಕಟ್ಟಿಸಹೊರಟಾಗ, ಈ ಕೈ ಯಾರದು, ಎಲ್ಲಿರುವನು ಎಂದು ಕೇಳಿಯಾನು. ಕಲ್ಲು ಉತ್ತರ ಹೇಳುತ್ತದೆ. ಆ ಶಿಲ್ಪಿ ಹಂಚಿದ ಕರಪತ್ರಕ್ಕೆ ಯಾರೂ ಕಡಲೆಕಾಯಿಯನ್ನು ಕಟ್ಟುವಂತಿರಲಿಲ್ಲ.

ಗೋವಿಂದನಹಳ್ಳಿಯಿಂದ ಹಿಂದಿರುಗುವಾಗ ಪಾಂಡವಪುರದ ದಾರಿಯಲ್ಲಿ ಆಲೆಮನೆಯೊಂದು ನಡೆಯುತ್ತಿದ್ದಿತು. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ವಾಸನೆಗೆ ಬೈಸಿಕಲ್ಲಾಗಲಿ ಮೋಟಾರಾಗಲಿ ನಿಲ್ಲುವುದು ಮಂಡ್ಯದ ಸೀಮೆಯಲ್ಲಿ ಅಪರೂಪವಲ್ಲ. ತರುಣನೂ ನಿಂತು ಒಂದು ಲೋಟ ಕಬ್ಬಿನ ಹಾಲನ್ನು ಕೇಳಿದನು. ಆಲೆಮನೆಯನ್ನು ನಡೆಸುತ್ತಿದ್ದವಳು ಗಂಡನನ್ನು ಕಳೆದುಕೊಂಡ ಐವತ್ತರ ಹೆಂಗಸು. ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದ ಬೆಲ್ಲ ರಾಶಿಬಿದ್ದಿದ್ದಿತು.

“ಇದ್ಯಾಕಕ್ಕ ಹಿಂಗೆ ಬಿದ್ದದೆ?”

“ಮೈಸೂರಿಂದ ವಾಪಸ್ ಬಂತು ಕಣಪ್ಪ. ನಲವತ್ತು ಕೆ.ಜಿ. ಚೀಲದ ಮೇಲೆ ಏನೂ ಬರೆದಿಲ್ಲ, ಮಾರಕ್ಕಾಗಲ್ಲ ಅಂದ್ರು. ಅದೂ ಅಲ್ದೆ ಕಪ್ಪಗದೆ ಅಂದ್ರು.”

ಕಪ್ಪಗಿದ್ದುದಕ್ಕೆ ಕಾರಣವಿದ್ದಿತು. ಪೇಟೆಯಲ್ಲಿ ಜನ ಬಯಸುವ ಹೊಂಬಣ್ಣ ಬಹುಮಟ್ಟಿಗೆ ಹೈಡ್ರೋಸ್ ಎಂಬ ರಾಸಾಯನಿಕದಿಂದ ಬರತಕ್ಕದ್ದು. ಆಕೆ ಅದನ್ನು ಹಾಕುತ್ತಿರಲಿಲ್ಲ. ಸುಣ್ಣದ ತಿಳಿಯಿಂದಲೂ ಬೆಂಡೆಯ ಗಿಡದ ಲೋಳೆಯಿಂದಲೂ ಹಾಲಿನ ಕಶ್ಮಲವನ್ನು ತೆಗೆಯುತ್ತಿದ್ದಳು. ಹೀಗೆ ಒಳ್ಳೆಯ ಗುಣವೇ ಆಕೆಯ ಬೆಲ್ಲಕ್ಕೆ ದೋಷವಾಗಿ ಕಾಣುತ್ತಿದ್ದಿತು. ಮೂರು ತಿಂಗಳಿಂದ ವಿನ್ಯಾಸವೆಂದರೇನೆಂಬುದನ್ನು ನೂರು ಜನರಿಗೆ ವಿವರಿಸಿ ಸೋತಿದ್ದ ತರುಣನು ಆ ದಿನ ಅದರ ಹೆಸರನ್ನೇ ಎತ್ತಲಿಲ್ಲ. “ಈ ಬೆಲ್ಲ ವಾಪಸ್ ಬರದ ಹಂಗೆ ಮಾಡಿಕೊಡ್ತೀನಕ್ಕ. ಸಾವಿರದೈನೂರು ಆಗ್ತದೆ. ಐನೂರು ಈಗ ಕೊಡಿ” ಎಂದನು. ಹೇಳುವಾಗ ಆತನ ಗಂಟಲು ಒಣಗಿದ್ದಿತು.

“ಬೆಲ್ಲಕ್ಕೆ ಬಟ್ಟೆ ಹೊಲಿಸಕ್ಕೂ ದುಡ್ಡಾ?” ಎಂದು ಆಕೆ ನಕ್ಕಳು. ಆದರೆ ಮೂಲೆಯ ನಲವತ್ತು ಕಿಲೋ ನಗುವಂತಿರಲಿಲ್ಲ. ಸೆರಗಿನ ಗಂಟನ್ನು ಬಿಚ್ಚಿ, ಐದು ನೂರರ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟಳು. ಎಷ್ಟಡಿಯೆಂದು ಕೇಳಲಿಲ್ಲ. ಅಳತೆಗೋಲು ಆಕೆಯ ಮನೆಯಲ್ಲಿಯೇ ಇದ್ದಿತು.

ಆ ಚಿಕ್ಕ ಚೀಟಿಗಾಗಿ ತರುಣನು ಹನ್ನೆರಡು ದಿನ ದುಡಿದನು. ಪೊಟ್ಟಣದ ಪದಾರ್ಥಗಳಿಗೆ ಸಂಬಂಧಿಸಿದ ೨೦೧೧ರ ನಿಯಮಗಳನ್ನು ಓದಿದನು: ಪದಾರ್ಥದ ಹೆಸರು, ನಿವ್ವಳ ತೂಕ, ತಯಾರಿಸಿದವರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ತೆರಿಗೆ ಸೇರಿದ ಗರಿಷ್ಠ ಮಾರಾಟದ ಬೆಲೆ, ದೂರು ಹೇಳುವವರಿಗೆ ಸಂಪರ್ಕದ ಸಂಖ್ಯೆ, ಇಷ್ಟು ಇರಲೇಬೇಕು. ಆಹಾರವಾದುದರಿಂದ ಸಸ್ಯಾಹಾರದ ಹಸುರು ಗುರುತೂ, ಆಹಾರ ಸುರಕ್ಷತೆಯ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಸಂಖ್ಯೆಯೂ ಬೇಕು. ಆಕೆಯನ್ನು ಜೊತೆಯಲ್ಲಿ ಕೂರಿಸಿಕೊಂಡು ಅದಕ್ಕೆ ಅರ್ಜಿ ಹಾಕಿದನು. ಇಷ್ಟೆಲ್ಲ ತುಂಬಿದ ಮೇಲೆ ಚಿತ್ರಕ್ಕೆ ಉಳಿದ ಜಾಗ ಒಂದು ಬೆಂಕಿಪೆಟ್ಟಿಗೆಯಷ್ಟು. ಅದರಲ್ಲಿ ಆತನು ಚಿತ್ರವನ್ನು ಬರೆಯಲಿಲ್ಲ. ಜಾಗವನ್ನು ಕಿಟಕಿಯಂತೆ ಬರಿದಾಗಿ ಬಿಟ್ಟು, ಒಳಗಿನ ಕಪ್ಪು ಬೆಲ್ಲ ಕಾಣುವಂತೆ ಮಾಡಿ, ಕೆಳಗೆ ದಪ್ಪ ಅಕ್ಷರಗಳಲ್ಲಿ “ರಾಸಾಯನಿಕ ಹಾಕದ ಬೆಲ್ಲದ ಬಣ್ಣ ಇದು” ಎಂದು ಬರೆದನು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಮಾಡಿದ ಯಾವ ಕೆಲಸದಲ್ಲಿಯೂ ಆತನಿಗೆ ಅಷ್ಟು ತೃಪ್ತಿ ದೊರೆತಿರಲಿಲ್ಲ.

ಚೀಟಿಯ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣದಾದ ಅಕ್ಷರಗಳ ಒಂದು ಸಾಲು ಇದ್ದಿತು. ಆಕೆ ಅದನ್ನು ಬೆರಳಿನಿಂದ ಮುಟ್ಟಿ, “ಇದೇನು?” ಎಂದಳು.

“ನನ್ನ ಹೆಸರು, ಫೋನ್ ನಂಬರು.”

“ನನ್ನ ಬೆಲ್ಲದ ಮೇಲೆ ನಿನ್ನ ಹೆಸರ್ಯಾಕೆ?”

ತರುಣನು ಸ್ವಲ್ಪ ಹೊತ್ತು ಯೋಚಿಸಿದನು. ಮಲ್ಲಿತಮ್ಮನ ಕಥೆಯನ್ನು ಹೇಳಬಹುದಾಗಿದ್ದಿತು, ಹೇಳಲಿಲ್ಲ. “ಚೀಟೀಲಿ ಏನಾದರೂ ತಪ್ಪಿದ್ರೆ ಯಾರನ್ನ ಹಿಡ್ಕೋಬೇಕು ಅಂತ ಗೊತ್ತಿರಲಿ ಅಕ್ಕ” ಎಂದನು.

“ಹಂಗಾದರೆ ಇರಲಿ.”

ಅಲ್ಲಿಯವರೆಗೆ ತನ್ನ ಹೆಸರು ಜನರಿಗೆ ತಿಳಿಯಬೇಕೆಂದು ಆತನು ಹಂಬಲಿಸಿದ್ದನು. ಹೆಸರೆಂಬುದು ಹೊಣೆಯೆಂದು ಒಪ್ಪಿಕೊಂಡ ಮೇಲೆಯೇ ಅದಕ್ಕೆ ಜಾಗ ಸಿಕ್ಕಿತು. ಪುಕ್ಕಟೆಯ ಲಗ್ನಪತ್ರಿಕೆಗಳಲ್ಲಿ ಆತನ ಹೆಸರಿರಲಿಲ್ಲ; ಇರಬೇಕೆಂದು ಯಾರಿಗೂ, ಆತನಿಗೂ, ತೋರಿರಲಿಲ್ಲ. ಹಣ ಪಡೆಯದ ಕೆಲಸಕ್ಕೆ ಹೊಣೆಯೂ ಅರ್ಧ. ಮೊದಲ ಗಿರಾಕಿ ಹೊಸ ಕಸಬಿನವನಿಗೆ ಕೊಡುವುದು ಹಣಕ್ಕಿಂತ ಹೆಚ್ಚಾಗಿ ಇದನ್ನು: ಯಾವ ಸಾಕ್ಷಿಯೂ ಇಲ್ಲದಿದ್ದಾಗ ಒಂದು ನಂಬಿಕೆಯನ್ನು ಮುಂಗಡವಾಗಿ ಕೊಟ್ಟು, ಮುಂದಿನವರಿಗೆ ತೋರಿಸಲು ಒಂದು ಸಾಕ್ಷಿಯನ್ನು ಆತನ ಕೈಯಲ್ಲಿ ಇಡುವುದು. ಕೈಗುಣವೆಂದು ಹಿರಿಯರು ಹೇಳುತ್ತಿದ್ದುದು ಬಹುಶಃ ಇದನ್ನೇ ಇರಬೇಕು.

ಬೆಲ್ಲ ಮೈಸೂರಿನಿಂದ ಹಿಂದಿರುಗಲಿಲ್ಲ. ಇಪ್ಪತ್ತು ದಿನಗಳಾದ ಮೇಲೆ ಶ್ರೀರಂಗಪಟ್ಟಣದಿಂದ ಒಂದು ಕರೆ ಬಂದಿತು. ಮಾತನಾಡಿದವರು ಯಾತ್ರಿಕರಿಗೆ ತಿಂಡಿಯ ಪೊಟ್ಟಣಗಳನ್ನು ಮಾರುವ ಒಬ್ಬ ಅಂಗಡಿಯವರು. ಬೆಲ್ಲದ ಪೊಟ್ಟಣವನ್ನು ಕಂಡು, ಕನ್ನಡಕವನ್ನು ಹಾಕಿಕೊಂಡು, ಅಂಚಿನ ಸಾಲನ್ನು ಓದಿದ್ದರು. ಅನಂತರ ನಾಗಮಂಗಲದ ಸ್ವಸಹಾಯ ಸಂಘದ ಹೆಂಗಸರು ರಾಗಿಯ ಹುರಿಹಿಟ್ಟಿಗೆ ಚೀಟಿ ಬೇಕೆಂದು ಬಂದರು. ಇಬ್ಬರೂ ಆತನನ್ನು ವಿನ್ಯಾಸವೆಂದರೇನೆಂದು ಕೇಳಲಿಲ್ಲ. ಬೆಲ್ಲದ್ದರಂತೆ ಬೇಕೆಂದು ಕೇಳಿದರು. ಇಬ್ಬರಿಂದಲೂ ಆತನು ಮುಂಗಡ ಕೇಳಿದನು, ಇಬ್ಬರೂ ಕೊಟ್ಟರು.

ಯುಗಾದಿಯ ಹಿಂದಿನ ದಿನ ಲೆಕ್ಕವಾಯಿತು. ಆರು ತಿಂಗಳ ಬಾಡಿಗೆ ಇಪ್ಪತ್ತುನಾಲ್ಕು ಸಾವಿರ. ಹುಟ್ಟಿದುದು ಇಪ್ಪತ್ತೊಂದೂವರೆ ಸಾವಿರ. ಮಾತಿನ ಪ್ರಕಾರ ತರುಣನು ಸೋತಿದ್ದನು. ಆತನು ಪುಸ್ತಕವನ್ನು ತಂದೆಯ ಮುಂದಿಟ್ಟು, ಬೆಂಗಳೂರಿನ ಗೆಳೆಯನಿಗೆ ಬರೆದು ಕೇಳಿರುವುದಾಗಿ ಹೇಳಿದನು. ತಾಯಿ ಬಾಗಿಲ ಬಳಿ ಮಾವಿನೆಲೆಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದವಳು ಕೈನಿಲ್ಲಿಸಿದಳು. ತಂದೆ ಮೊತ್ತವನ್ನು ನೋಡಲಿಲ್ಲ. ಒಂದೊಂದೇ ಹಾಳೆಯನ್ನು ತಿರುಗಿಸಿ, ಬರಿದಾದ ಮೊದಲ ಮೂರು ತಿಂಗಳನ್ನು ದಾಟಿ, ಕೊನೆಯ ಎರಡು ತಿಂಗಳುಗಳಲ್ಲಿ ಬೆರಳನ್ನು ಇಟ್ಟರು. ಕಬ್ಬನ್ನು ನೆಟ್ಟು ಹನ್ನೆರಡು ತಿಂಗಳು ಕಾಯುವವರಿಗೆ ಮೊಳಕೆಯ ಗುರುತು ತಿಳಿಯುತ್ತದೆ.

“ಬರೋ ಯುಗಾದಿಗೆ ನೋಡಾನ” ಎಂದು ಪುಸ್ತಕವನ್ನು ಮುಚ್ಚಿದರು.

ಮುಂದಿನ ಆಲೆಯ ಕಾಲದಲ್ಲಿ ಬೆಲ್ಲದ ಹೆಂಗಸು ಮತ್ತೆ ಮಳಿಗೆಗೆ ಬಂದಳು. ಈ ಸಲ ಪುಡಿಬೆಲ್ಲಕ್ಕೆ ಚೀಟಿ ಬೇಕಾಗಿದ್ದಿತು. ಆಗ ಬೆಂಚಿನ ಮೇಲೆ ಇನ್ನಿಬ್ಬರು ಕಾದಿದ್ದರು. ಆಕೆ ಅವರಿಗೆ ಕೇಳುವಂತೆಯೇ, “ಬೋಣಿ ಮಾಡಿದೋಳು ನಾನು. ನನಗೆ ಕಮ್ಮಿ ಮಾಡಬೇಕು ಕಣಪ್ಪ” ಎಂದಳು. ತರುಣನು ಬೆಲೆಯನ್ನು ಕಡಿಮೆಮಾಡಲಿಲ್ಲ. ಹಾಗೆ ಮಾಡಬಾರದೆಂದು ಕಲಿಸಿದವಳೂ ಒಂದು ರೀತಿಯಲ್ಲಿ ಆಕೆಯೇ. ಆದರೆ ಕಾದಿದ್ದವರ ಒಪ್ಪಿಗೆಯನ್ನು ಕೇಳಿ ಆಕೆಯ ಕೆಲಸವನ್ನು ಮೊದಲು ಕೈಗೆ ತೆಗೆದುಕೊಂಡನು. ಆಕೆ ಸೆರಗಿನ ಗಂಟನ್ನು ಬಿಚ್ಚಿ ಮುಂಗಡವನ್ನು ಎಣಿಸಿದಳು. ಹೊತ್ತು ಹನ್ನೊಂದು ಗಂಟೆಯಾಗಿದ್ದರೂ ಅದು ಆ ದಿನದ ಮೊದಲ ಹಣ. ಆತನು ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿ ಇಟ್ಟನು.